ಪಕ್ಕದ ತಾಲ್ಲೂಕಿನಲ್ಲಿ ವಿಮಾನಗಳ ಪರೀಕ್ಷೆ: ಪಾಸು-ಫೇಲು ಹೇಳೋರು ಯಾರು?

ಸೊಕ್ಕೆ ಇರುವ ನಮ್ಮ ಜಗಳೂರು ತಾಲ್ಲೂಕು 1997ರವರೆಗೂ ಚಿತ್ರದುರ್ಗ ಜಿಲ್ಲೆಯದು. ಪಕ್ಕದ ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಇದೆ. ಪೈಲಟ್ ಇಲ್ಲದ ವಿಮಾನಗಳು ಕಾಗದದಿಂದ ಎದ್ದು ಹಾರಿ ತೋರಿಸಬೇಕಾದ ಜಾಗ ಅದು.

ಹೊಸ ತಂತ್ರಜ್ಞಾನ ಎಷ್ಟು ಮಾಗಿದೆ ಅಂತ ಅಳೆಯೋಕೆ ನಾಸಾ ರೂಪಿಸಿದ 9 ಮೆಟ್ಟಿಲ ಏಣಿಯೊಂದಿದೆ. 1ನೇ ಮೆಟ್ಟಿಲೆಂದರೆ ಮೂಲ ತತ್ವ ಗೊತ್ತಾಗಿದೆ, ಅಷ್ಟೆ. 4ರಲ್ಲಿ ಲ್ಯಾಬ್‌ನಲ್ಲಿ ಕೆಲಸ ಮಾಡಿದೆ. 6ರಲ್ಲಿ ನಿಜಕ್ಕೆ ಹತ್ತಿರದ ಪರಿಸ್ಥಿತಿಯಲ್ಲಿ ಮಾದರಿ ಓಡಿದೆ. 9 ಅಂದರೆ ನಿಜವಾದ ಕೆಲಸದಲ್ಲೇ ಸಾಬೀತಾಗಿದೆ. ಹೆಚ್ಚಿನ ಯೋಜನೆಗಳು ಸಾಯುವುದು ನಡುವಿನ ಮೆಟ್ಟಿಲುಗಳಲ್ಲಿ. ಲ್ಯಾಬ್‌ಗೆ ದುಡ್ಡು ಸಿಗುತ್ತೆ, ಸಿದ್ಧ ವಿಮಾನಕ್ಕೆ ಗಿರಾಕಿ ಸಿಗ್ತಾರೆ. ನಡುವಿನದಕ್ಕೆ ಯಾರೂ ಇರಲ್ಲ.

ಮೆಟ್ಟಿಲು ಹತ್ತೋದು ಹೇಗಿರುತ್ತೆ ಅನ್ನೋದಕ್ಕೆ ಇಸ್ರೊದ ರೆಕ್ಕೆಯ ಮರುಬಳಕೆ ವಾಹನ ನೋಡಿ. 2023ರ ಏಪ್ರಿಲ್ 2ರಂದು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು 4.5 ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಿತು. ಅದು ತಾನೇ ಇಲ್ಲಿನ ರನ್‌ವೇಗೆ ಇಳಿಯಿತು. 2024ರ ಮಾರ್ಚ್‌ನಲ್ಲಿ ರನ್‌ವೇ ಗೆರೆಯಿಂದ 150 ಮೀಟರ್ ಪಕ್ಕಕ್ಕೆ ಬಿಟ್ಟರು, ಜೂನ್‌ನಲ್ಲಿ 500 ಮೀಟರ್, ಅದೂ ಜೋರು ಗಾಳಿಯಲ್ಲಿ. ಪ್ರತಿ ಸಲ ಪ್ರಶ್ನೆಪತ್ರಿಕೆ ಕಷ್ಟವಾಯಿತು.

ತಪಸ್ ಡ್ರೋನ್‌ನದು ಬೇರೆ ಕಥೆ. 2011ರಲ್ಲಿ ಮಂಜೂರು, 2016ರ ನವೆಂಬರ್‌ನಲ್ಲಿ ಇಲ್ಲಿಂದಲೇ ಮೊದಲ ಹಾರಾಟ. ಸೇನೆ ಕೇಳಿದ್ದು 30,000 ಅಡಿ ಎತ್ತರ, 24 ಗಂಟೆ ಹಾರಾಟ. ಅದು ಮುಟ್ಟಿದ್ದು ಸುಮಾರು 28,000 ಅಡಿ, 18 ಗಂಟೆ. 2024ರ ಆರಂಭದ ಹೊತ್ತಿಗೆ ಆದ್ಯತೆಯ ಪಟ್ಟಿಯಿಂದ ಕೈಬಿಟ್ಟ ಸುದ್ದಿ ಬಂತು. ನನಗೇನೋ ಇದು ನಾಚಿಕೆಯ ಸಂಗತಿ ಅನಿಸಲ್ಲ. ಫೇಲ್ ಮಾಡೋಕೆ ಬರದ ಪರೀಕ್ಷೆ ಪರೀಕ್ಷೆಯೇ ಅಲ್ಲ. ತಕರಾರಿರೋದು ಲೆಕ್ಕ ತಡವಾಗಿ, ತುಣುಕು ತುಣುಕಾಗಿ ಹೊರಬರುವುದರ ಬಗ್ಗೆ.

ಯಾಕಂದ್ರೆ ಈ ಪರೀಕ್ಷೆಗೆ ಸ್ಥಳೀಯರೂ ಶುಲ್ಕ ಕಟ್ಟಿದ್ದಾರೆ. ಪರೀಕ್ಷಾ ಹಾರಾಟದ ಡ್ರೋನ್ 2019ರಲ್ಲಿ ಜೋಡಿಚಿಕ್ಕೇನಹಳ್ಳಿ ಬಳಿ, 2023ರಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ಬಿತ್ತು. ಎರಡೂ ಹೊಲಗಳ ಕಡೆ. ಅದಕ್ಕೂ ಮೊದಲು, ಚಳ್ಳಕೆರೆಯ ಅಮೃತಮಹಲ್ ಕಾವಲುಗಳಲ್ಲಿ ಸುಮಾರು 10,000 ಎಕರೆ ಡಿಆರ್‌ಡಿಒ, ಇಸ್ರೊ, ಐಐಎಸ್‌ಸಿ, ಬಾರ್ಕ್ ಮುಂತಾದವಕ್ಕೆ ಹೋಯಿತು. ಕುರಿ ಮೇಯಿಸುವವರ, ಕಂಬಳಿ ನೇಯುವವರ ಬದುಕು ನಿಂತಿದ್ದ ಹುಲ್ಲುಗಾವಲು ಅದು. ವಿಷಯ ಹಸಿರು ನ್ಯಾಯಮಂಡಳಿವರೆಗೂ ಹೋಯಿತು. 9 ಮೆಟ್ಟಿಲ ಏಣಿಯಲ್ಲಿ ಹುಲ್ಲಿಗೆ ಒಂದು ಮೆಟ್ಟಿಲೂ ಇಲ್ಲ.

ಮಾಹಿತಿ ಹಕ್ಕಿನಲ್ಲಿ ಕೇಳೋಣ ಅಂದ್ರೆ, ಡಿಆರ್‌ಡಿಒ ಆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ. ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ಆರೋಪ ಬಿಟ್ಟರೆ ಉಳಿದದ್ದಕ್ಕೆ ಉತ್ತರ ಕೊಡಬೇಕಿಲ್ಲ. ಆದರೆ ಕಾವಲು ಭೂಮಿ ಮಂಜೂರಾದ ಕಡತ ಕಂದಾಯ ಇಲಾಖೆಯದು. 10 ರೂಪಾಯಿ ಶುಲ್ಕದ ಅರ್ಜಿಯನ್ನು ಚಿತ್ರದುರ್ಗದ ಜಿಲ್ಲಾಧಿಕಾರಿ ಕಚೇರಿಗೆ ಯಾರು ಬೇಕಾದರೂ ಹಾಕಬಹುದು.