ಹೊಸೂರು ಸೀಮೆಯ ಹಿರಿಯರು ಮತ್ತು ನಮ್ಮ ಕನ್ನಡ ಶಾಲೆಗಳು

ನಮ್ಮ ಬಳಗದ ಸ್ಮರಣ ಸಂಚಿಕೆಗೆ ಈ ಸೀಮೆಯ ಕನ್ನಡಿಗರು ನಡೆದುಬಂದ ದಾರಿಯನ್ನು ಕುರಿತು ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ ಸಂತೋಷದಿಂದ ಒಪ್ಪಿಕೊಂಡೆ. ತಮಿಳುನಾಡಿನ ಹೊಸೂರು, ತಳಿ, ದೇಂಕಣಿಕೋಟೆ, ಕೆಲಮಂಗಲ, ಬಾಗಲೂರುಗಳ ಕನ್ನಡ ಶಾಲೆಗಳ ಒಡನಾಟದಲ್ಲೇ ಬಾಳು ಕಳೆದ ಮೇಷ್ಟ್ರು ನಾನು. ಬಳಗ ಕಟ್ಟಿದ ಹಿರಿಯರ ಹೆಸರುಗಳು ಸಂಚಿಕೆಯ ಮೊದಲ ಪುಟಗಳಲ್ಲಿ ಭಾವಚಿತ್ರಗಳೊಂದಿಗೆ ಅಚ್ಚಾಗಿವೆ. ಅವರು ಯಾವ ನೆಲದಲ್ಲಿ ನಿಂತು ಈ ಕೆಲಸಕ್ಕೆ ಕೈಹಾಕಿದರು, ಆ ನೆಲ ಅವರಿಗಿಂತ ಮೊದಲು ಎಂಥವರನ್ನು ಕಂಡಿತ್ತು ಎಂಬುದನ್ನು ಹೇಳುವುದು ನನ್ನ ಪಾಲಿನ ಕೆಲಸ.

ಹೊಸೂರಿನಲ್ಲಿ ಕನ್ನಡ ಮೊನ್ನೆ ಮೊನ್ನೆ ವಲಸೆ ಬಂದದ್ದೆಂದು ತಿಳಿದವರು ಇಂದಿಗೂ ಇದ್ದಾರೆ. ಅವರು ಒಮ್ಮೆ ಕುಂದಾಣಿಯ ಕಡೆ ಹೋಗಿ ಬರಬೇಕು. ಹೊಯ್ಸಳ ಸೋಮೇಶ್ವರನ ತರುವಾಯ ರಾಜ್ಯ ಅಣ್ಣತಮ್ಮಂದಿರ ನಡುವೆ ಪಾಲಾಯಿತು. ಮೂರನೆಯ ನರಸಿಂಹ ದೋರಸಮುದ್ರದಲ್ಲಿ ಉಳಿದ. ರಾಮನಾಥನಿಗೆ ತಮಿಳು ಸೀಮೆ ಬಂತು. ಪಾಂಡ್ಯರ ಒತ್ತಡದಿಂದ ತನ್ನ ರಾಜಧಾನಿ ಕಣ್ಣನೂರನ್ನು ಕಳೆದುಕೊಂಡ ರಾಮನಾಥ ನೆಲೆ ಮಾಡಿಕೊಂಡದ್ದು ನಮ್ಮ ಕುಂದಾಣಿಯಲ್ಲಿ. ಕನ್ನಡದ ರಾಜವಂಶದಲ್ಲಿ ಹುಟ್ಟಿದ ಈ ಅರಸನ ಕಾಲದ ತಮಿಳು ಶಾಸನಗಳು ಇಂದಿಗೂ ಕೋಲಾರ ಜಿಲ್ಲೆಯಲ್ಲಿ ಸಿಗುತ್ತವೆ. ಎರಡು ನುಡಿಗಳನ್ನು ಒಟ್ಟಿಗೆ ಇಟ್ಟುಕೊಂಡು ಬಾಳುವುದು ಇಲ್ಲಿ ಅಷ್ಟು ಹಿಂದಿನಿಂದ ನಡೆದುಬಂದ ರೀತಿ.

ವಿಜಯನಗರದ ಕೊನೆಗಾಲದಲ್ಲಿ ಚನ್ನಪಟ್ಟಣದ ಜಗದೇವರಾಯನಿಗೆ ಕೃಷ್ಣಗಿರಿಯ ಸುತ್ತಿನ ಬಾರಾಮಹಲ್ ಸೀಮೆ ದಕ್ಕಿತು. ಆಮೇಲೆ ಮೈಸೂರು ಒಡೆಯರು, ಹೈದರಾಲಿ, ಟಿಪ್ಪು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲ್ ಇಂಗ್ಲಿಷ್ ಕಂಪನಿಯ ಕೈಸೇರಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಹೊಸೂರಿನ ಮೇಲುಸೀಮೆಯೂ ಹೋಯಿತು. ಕ್ಯಾಪ್ಟನ್ ಅಲೆಗ್ಸಾಂಡರ್ ರೀಡ್ ಮತ್ತು ಅವರ ಸಹಾಯಕ ಥಾಮಸ್ ಮನ್ರೋ ಹೊಲ ಹೊಲ ಅಳೆದು, ರೈತನೊಡನೆ ಸರ್ಕಾರವೇ ನೇರವಾಗಿ ಕಂದಾಯದ ಲೆಕ್ಕ ಇಟ್ಟುಕೊಳ್ಳುವ ರೈತವಾರಿ ಪದ್ಧತಿಯನ್ನು ರೂಪಿಸಿದ್ದು ಬಾರಾಮಹಲಿನಲ್ಲೇ. ಮುಂದೆ ಮನ್ರೋ ಮದ್ರಾಸಿನ ಗವರ್ನರ್ ಆದಾಗ ಅದೇ ಪದ್ಧತಿ ದಕ್ಷಿಣದ ದೊಡ್ಡ ಭಾಗಕ್ಕೆ ಹರಡಿತು. ಹೊಸೂರು ಸೇಲಂ ಜಿಲ್ಲೆಯ ತಾಲ್ಲೂಕಾಯಿತು. ಆಡಳಿತ ಮದ್ರಾಸಿನದು, ಸಂತೆ, ಜಾತ್ರೆ, ಬೀಗತನ ಆನೇಕಲ್ಲು, ಅತ್ತಿಬೆಲೆ, ಮಾಲೂರಿನೊಡನೆ. ಬೆಟ್ಟದ ಚಂದ್ರಚೂಡೇಶ್ವರನ ತೇರಿಗೆ ಎರಡೂ ಕಡೆಯವರು ಬರುತ್ತಿದ್ದರು, ಇಂದಿಗೂ ಬರುತ್ತಾರೆ.

ಈ ತಾಲ್ಲೂಕಿನ ತೊರಪಳ್ಳಿಯಲ್ಲಿ 1878ರ ಡಿಸೆಂಬರ್ 10ರಂದು ರಾಜಾಜಿ ಎಂದು ಹೆಸರಾದ ಚಕ್ರವರ್ತಿ ರಾಜಗೋಪಾಲಾಚಾರಿ ಹುಟ್ಟಿದರು. ತಂದೆ ಚಕ್ರವರ್ತಿ ವೆಂಕಟಾರ್ಯ ಅಯ್ಯಂಗಾರ್ಯರು ಊರಿನ ಮುನ್ಸೀಫರು, ತಾಯಿ ಸಿಂಗಾರಮ್ಮ. ಮೊದಲ ಅಕ್ಷರ ತೊರಪಳ್ಳಿಯಲ್ಲಿ, ಆಮೇಲೆ ಹೊಸೂರಿನ ಸರ್ಕಾರಿ ಶಾಲೆಯಲ್ಲಿ. ಅಲ್ಲಿಂದ ಬೆಂಗಳೂರಿನ ಸೆಂಟ್ರಲ್ ಕಾಲೇಜು. 1894ರಲ್ಲಿ ಪದವಿ ಪಡೆದು, ಮದ್ರಾಸಿನಲ್ಲಿ ಕಾನೂನು ಓದಿ, 1900ರಲ್ಲಿ ಸೇಲಂನಲ್ಲಿ ವಕೀಲಿ ಆರಂಭಿಸಿದರು. ಹಳ್ಳಿಯ ಹುಡುಗನೊಬ್ಬ ಸ್ವತಂತ್ರ ಭಾರತದ ಗವರ್ನರ್ ಜನರಲ್ ಪದವಿಗೆ ಏರಿದ ಮೊದಲ ಮತ್ತು ಕಡೆಯ ಭಾರತೀಯನಾದದ್ದನ್ನು ನಮ್ಮ ಮಕ್ಕಳು ಪಾಠದಲ್ಲಿ ಓದುತ್ತಾರೆ. ಆತ ಅಕ್ಷರ ಕಲಿತದ್ದು ತಮ್ಮ ಹಳ್ಳಿಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿ ಎಂದು ಹೇಳಿದಾಗ ಅವರ ಕಣ್ಣು ಅರಳುವುದನ್ನು ನಾನು ಪ್ರತಿ ವರ್ಷವೂ ನೋಡಿದ್ದೇನೆ. ತೊರಪಳ್ಳಿಯ ಆ ಮನೆಯನ್ನು ತಮಿಳುನಾಡು ಸರ್ಕಾರ ಸ್ಮಾರಕವಾಗಿ ಕಾಪಾಡಿಕೊಂಡು ಬಂದಿದೆ.

ರಾಜಾಜಿಯವರ ಪದವಿಗಳಿಗಿಂತ ಅವರ ಸಾಮಾಜಿಕ ಕೆಲಸವನ್ನು ನಾವು ಹೆಚ್ಚು ನೆನೆಯಬೇಕು. 1917ರಿಂದ 1919ರವರೆಗೆ ಸೇಲಂ ಪುರಸಭೆಯ ಅಧ್ಯಕ್ಷರಾಗಿದ್ದಾಗ ಅಗ್ರಹಾರದ ನೀರಿನ ಕೊಳಾಯಿ ತಿರುಗಿಸುವ ಕೆಲಸಕ್ಕೆ ಒಬ್ಬ ದಲಿತರನ್ನು ನೇಮಿಸಿದರು. ಅಗ್ರಹಾರ ಸಿಟ್ಟಾಯಿತು, ಅಧ್ಯಕ್ಷರು ಹಿಂದೆ ಸರಿಯಲಿಲ್ಲ. ಅಗ್ರಹಾರದ ಮನೆಯಲ್ಲೇ ಹುಟ್ಟಿದ ಮನುಷ್ಯ ತನ್ನವರ ಎದುರು ನಿಲ್ಲುವುದಕ್ಕೆ ಎಷ್ಟು ಎದೆಗಾರಿಕೆ ಬೇಕೆಂದು ಹಳ್ಳಿಯಲ್ಲಿ ಬೆಳೆದವರೆಲ್ಲರೂ ಬಲ್ಲರು. 1925ರಲ್ಲಿ ತಿರುಚೆಂಗೋಡಿನಲ್ಲಿ ಗಾಂಧಿ ಆಶ್ರಮ ಕಟ್ಟಿದರು. ಖಾದಿ, ಅಸ್ಪೃಶ್ಯತೆಯ ನಿವಾರಣೆ, ಪಾನನಿಷೇಧ, ಇವೇ ಅಲ್ಲಿನ ನಿತ್ಯದ ಕೆಲಸ. 1930ರಲ್ಲಿ ತಿರುಚಿಯಿಂದ ವೇದಾರಣ್ಯಕ್ಕೆ ಉಪ್ಪಿನ ಯಾತ್ರೆ ನಡೆಸಿದರು.

1937ರಲ್ಲಿ ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾದಾಗ ಮಾಡಿದ ಮೊದಲ ಕೆಲಸಗಳಲ್ಲೊಂದು ನಮ್ಮ ಸೀಮೆಗೇ ಬಂತು. ಆ ವರ್ಷದ ಅಕ್ಟೋಬರ್ 1ರಂದು ಪಾನನಿಷೇಧ ಮೊದಲು ಜಾರಿಯಾದದ್ದು ಸೇಲಂ ಜಿಲ್ಲೆಯಲ್ಲಿ. ಹೊಸೂರು, ಕೃಷ್ಣಗಿರಿ ಆಗ ಅದೇ ಜಿಲ್ಲೆಯಲ್ಲಿದ್ದವು. ಸೇಂದಿ ಅಂಗಡಿಗಳು ಮುಚ್ಚಿದವು. ದಿನವೆಲ್ಲ ರಾಗಿ ಹೊಲದಲ್ಲಿ ದುಡಿದ ಕೂಲಿಯ ಕಾಸು ಮನೆಗೆ ಬರಲೆಂಬುದು ಆ ಕಾನೂನಿನ ಆಶಯ. ಅಬಕಾರಿಯಿಂದ ಬರುತ್ತಿದ್ದ ಹಣ ನಿಂತಾಗ 1939ರಲ್ಲಿ ಮಾರಾಟ ತೆರಿಗೆ ತಂದು ಬೊಕ್ಕಸ ತುಂಬಿಸಿಕೊಂಡರು. 1938ರ ರೈತರ ಸಾಲ ಪರಿಹಾರ ಕಾನೂನು, 1939ರ ದೇವಾಲಯ ಪ್ರವೇಶ ಕಾನೂನು ಅದೇ ಸರ್ಕಾರದವು. ಆ ಕಾಲದ ಹಿಂದಿ ಕಲಿಕೆಯ ಆದೇಶವನ್ನೂ 1953ರ ಶಿಕ್ಷಣ ಯೋಜನೆಯನ್ನೂ ಕುರಿತು ತಮಿಳುನಾಡಿನಲ್ಲಿ ದೊಡ್ಡ ಭಿನ್ನಾಭಿಪ್ರಾಯಗಳಿದ್ದವು. ಅದನ್ನು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ಹಿರಿಯರನ್ನು ನೆನೆಯುವ ಈ ಸಂಚಿಕೆಯಲ್ಲಿ ಆ ಚರ್ಚೆಗೆ ನಾನು ಕೈಹಾಕುವುದಿಲ್ಲ.

ರಾಜಾಜಿಯವರನ್ನು ಕನ್ನಡದೊಡನೆ ಬೆಸೆದ ಸ್ನೇಹವೊಂದಿದೆ. ಸೆಂಟ್ರಲ್ ಕಾಲೇಜಿನಲ್ಲಿ ಅವರ ಸಹಪಾಠಿ ನವರತ್ನ ರಾಮರಾಯರು. ಮುಂದೆ ರಾಮರಾಯರು ಮೈಸೂರು ಸಂಸ್ಥಾನದ ಅಧಿಕಾರಿಯಾಗಿ ರೇಷ್ಮೆಯ ಏಳಿಗೆಗೆ ದುಡಿದರು. ಕನ್ನಡದಲ್ಲಿ ‘ಕೆಲವು ನೆನಪುಗಳು’ ಎಂಬ ಪುಸ್ತಕ ಕೊಟ್ಟರು. ಒಬ್ಬರು ಬ್ರಿಟಿಷ್ ಸರ್ಕಾರದ ವಿರುದ್ಧ ಸೆರೆಮನೆಗೆ ಹೋದವರು, ಇನ್ನೊಬ್ಬರು ಸಂಸ್ಥಾನದ ಸೇವೆಯಲ್ಲಿದ್ದವರು. ಹಾಗಿದ್ದೂ ಆ ಗೆಳೆತನ ಬಾಳಿನುದ್ದಕ್ಕೂ ಉಳಿಯಿತು.

ಇನ್ನೊಬ್ಬ ಹಿರಿಯರನ್ನು ಬಿಟ್ಟರೆ ಈ ಲೇಖನ ಅರ್ಧವಾಗುತ್ತದೆ. ಬಾಗಲೂರು, ಬೇರಿಕೈ ಕಡೆಯ ಹಳ್ಳಿಗಳಿಗೆ ಗಡಿಯಾಚೆಯ ಮಾಸ್ತಿ ನೆರೆಯೂರು. ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ 1891ರ ಜೂನ್ 6ರಂದು ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. 1920ರಲ್ಲಿ ‘ಕೆಲವು ಸಣ್ಣ ಕಥೆಗಳು’ ಪ್ರಕಟಿಸಿ ಕನ್ನಡ ಸಣ್ಣಕಥೆಗೆ ದಾರಿ ಹಾಕಿದರು, 1929ರಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, ‘ಜೀವನ’ ಪತ್ರಿಕೆಯನ್ನು ಎರಡು ದಶಕ ನಡೆಸಿದರು, ‘ಚಿಕವೀರ ರಾಜೇಂದ್ರ’ಕ್ಕೆ 1983ರ ಜ್ಞಾನಪೀಠ ಪಡೆದರು. ತಮಿಳು ಮನೆಯಿಂದ ಬಂದವರು ಕನ್ನಡದ ಆಸ್ತಿಯಾದರು. ಕನ್ನಡ, ತೆಲುಗು ತುಂಬಿದ ತಾಲ್ಲೂಕಿನಲ್ಲಿ ಬೆಳೆದ ರಾಜಾಜಿ ತಮಿಳಿನಲ್ಲಿ ರಾಮಾಯಣ ಹೇಳಿ, ‘ಚಕ್ರವರ್ತಿ ತಿರುಮಗನ್’ಗೆ 1958ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ನಡುವೆ ಕೆಲವೇ ಹರದಾರಿ ದೂರದ ಈ ಇಬ್ಬರನ್ನು ಒಟ್ಟಿಗೆ ಇಟ್ಟು ನೋಡಿದರೆ ನಮ್ಮ ಸೀಮೆಯ ಗುಣ ತಿಳಿಯುತ್ತದೆ. ಒಂದು ಭಾಷೆಯ ಮೇಲಿನ ಪ್ರೀತಿ ಇನ್ನೊಂದರ ಮೇಲಿನ ದ್ವೇಷವಾಗಬೇಕಿಲ್ಲ ಎಂಬುದನ್ನು ಅವರು ಬಾಳಿ ತೋರಿಸಿದರು.

1956ರ ನವೆಂಬರ್ 1ರಂದು ರಾಜ್ಯಗಳು ಭಾಷೆಯ ಆಧಾರದ ಮೇಲೆ ಹೊಸದಾಗಿ ರೂಪುಗೊಂಡಾಗ ಹೊಸೂರು ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಕನ್ನಡ, ತೆಲುಗು, ತಮಿಳು ಮೂರೂ ಬೆರೆತ ತಾಲ್ಲೂಕನ್ನು ಯಾರಿಗೆ ಕೊಟ್ಟರೂ ಇನ್ನಿಬ್ಬರಿಗೆ ನೋವಾಗುವುದಿತ್ತು. ಅದೇ ವರ್ಷ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯುವ ಸೌಕರ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ನಮ್ಮ ಶಾಲೆಗಳ ಬೆನ್ನಿಗಿರುವ ಆಸರೆ ಇದೇ.

ಆಮೇಲಿನ ದಶಕಗಳು ಹೆಚ್ಚು ಸದ್ದಿಲ್ಲದೆ ಕಳೆದವು. 1965ರಲ್ಲಿ ಧರ್ಮಪುರಿ ಜಿಲ್ಲೆ ಬೇರೆಯಾಯಿತು. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬಂತು; ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಬಂದವು. ಊರು ನೋಡನೋಡುತ್ತ ನಗರವಾಯಿತು. 2004ರಲ್ಲಿ ಕೃಷ್ಣಗಿರಿ ಜಿಲ್ಲೆ, 2019ರಲ್ಲಿ ಹೊಸೂರು ಮಹಾನಗರಪಾಲಿಕೆ.

ಕಾರ್ಖಾನೆ, ಬ್ಯಾಂಕು, ಶಾಲೆಗಳಲ್ಲಿದ್ದ ಕನ್ನಡಿಗರು ಕಲೆತು ನಮ್ಮ ಬಳಗ ಕಟ್ಟಿದರು. ಸ್ವಂತ ಕಟ್ಟಡವಿಲ್ಲ, ಹಣವಿಲ್ಲ. ರಾಜ್ಯೋತ್ಸವಕ್ಕೆ ಶಾಮಿಯಾನ ಕಡ, ಮೈಕು ಕಡ. ಹಳ್ಳಿಯಿಂದ ಬಂದ ತಾಯಂದಿರು ಮುದ್ದೆ, ಸೊಪ್ಪಿನ ಸಾರು ಮಾಡಿ ಬಂದವರಿಗೆಲ್ಲ ಬಡಿಸುತ್ತಿದ್ದರು. ಪಕ್ಕದ ತಮಿಳು ಶಾಲೆಯ ಮೇಷ್ಟ್ರು ಬೆಂಚುಗಳನ್ನು ಕೊಡುತ್ತಿದ್ದರು. 1991ರ ಕಾವೇರಿ ಗಲಭೆಯ ಕಹಿ ದಿನಗಳಲ್ಲಿಯೂ ನೆರೆಹೊರೆಯವರು ಒಬ್ಬರನ್ನೊಬ್ಬರು ಬಿಟ್ಟುಕೊಡಲಿಲ್ಲ. ನಡುವೆ ಕೆಲವು ವರ್ಷ ಬಳಗದಲ್ಲಿ ಎರಡು ಅಭಿಪ್ರಾಯಗಳಾಗಿ ಕಾರ್ಯಕ್ರಮಗಳು ಬೇರೆ ಬೇರೆ ನಡೆದದ್ದುಂಟು. ಎರಡೂ ಕಡೆಯವರು ಕನ್ನಡಕ್ಕಾಗಿಯೇ ದುಡಿದರು. ಇಂದು ಎಲ್ಲರೂ ಒಂದೇ ವೇದಿಕೆಯ ಮೇಲಿದ್ದಾರೆ, ಅಷ್ಟು ಸಾಕು.

ನಮ್ಮ ಬಳಗದ ಬದುಕಿನಲ್ಲಿ ಅತ್ಯಂತ ದೊಡ್ಡ ಕೆಲಸ ಯಾವುದೆಂದು ಕೇಳಿದರೆ ನಾನು 2006ರ ನಂತರದ ವರ್ಷಗಳನ್ನೇ ತೋರಿಸುತ್ತೇನೆ. ಆ ವರ್ಷ ಬಂದ ತಮಿಳು ಕಲಿಕೆಯ ಕಾನೂನಿನಂತೆ ಒಂದನೆಯ ತರಗತಿಯಿಂದ ಮೊದಲುಗೊಂಡು ವರ್ಷಕ್ಕೊಂದು ತರಗತಿಯಂತೆ ತಮಿಳು ಕಡ್ಡಾಯವಾಗುತ್ತ ಬಂತು. ಆ ಮಕ್ಕಳು ಹತ್ತನೆಯ ತರಗತಿಗೆ ಬಂದಾಗ ಮೊದಲ ಭಾಷೆಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವ ಅವಕಾಶವೇ ತಪ್ಪುವಂತಾಯಿತು. ತಮಿಳು ಕಲಿಯಲು ನಮ್ಮ ಮಕ್ಕಳು ಎಂದೂ ಹಿಂಜರಿದವರಲ್ಲ. ಬೀದಿಯಲ್ಲಿ, ಬಸ್ಸಿನಲ್ಲಿ ಅದನ್ನೇ ಆಡುತ್ತಾರೆ. ಎಷ್ಟೋ ಶಾಲೆಗಳಲ್ಲಿ ತಮಿಳು ಕಲಿಸುವ ಮೇಷ್ಟ್ರೇ ಇರಲಿಲ್ಲ ಎಂಬುದು ನಮ್ಮ ಅಳಲು. ತೆಲುಗು, ಉರ್ದು, ಮಲಯಾಳದ ಪೋಷಕರೊಡನೆ ಸೇರಿ ಭಾಷಾ ಅಲ್ಪಸಂಖ್ಯಾತರ ಕೂಗು ಮದ್ರಾಸ್ ಹೈಕೋರ್ಟನ್ನೂ ಸುಪ್ರೀಂ ಕೋರ್ಟನ್ನೂ ಮುಟ್ಟಿತು. ಪರೀಕ್ಷೆಗೆ ವಿನಾಯಿತಿಗಳು ಸಿಕ್ಕವು.

ಆಗ ನಾವು ಸಂಜೆ ಹಳ್ಳಿ ಹಳ್ಳಿಗೆ ಹೋಗಿ ಪೋಷಕರ ಸಹಿ ಸಂಗ್ರಹಿಸಿದೆವು. ಹಿಪ್ಪುನೇರಳೆ ಸೊಪ್ಪು ತಂದಿಳಿಸಿದ ಕೈಯನ್ನು ಪಂಚೆಗೆ ಒರೆಸಿಕೊಂಡು ರೈತರು ಕನ್ನಡದಲ್ಲಿ ಸಹಿ ಹಾಕಿದರು. ಮನೆಯಲ್ಲಿ ತೆಲುಗು ಆಡುವ ಒಬ್ಬ ಅಜ್ಜಿ ಮೊಮ್ಮಗಳ ಕನ್ನಡ ಪಠ್ಯವನ್ನು ತಂದು, ಹರಿದ ರಟ್ಟಿಗೆ ಹಿಟ್ಟಿನ ಅಂಟು ಹಚ್ಚಿದ್ದನ್ನು ತೋರಿಸಿ, ‘ಇದನ್ನ ನಿಲ್ಲಿಸಿಬಿಡ್ತಾರಾ ಮೇಷ್ಟ್ರೇ?’ ಎಂದು ಕೇಳಿದರು. ಪಠ್ಯಗಳು ತಡವಾಗಿ ಬಂದ ವರ್ಷಗಳಲ್ಲಿ ಹಳೆಯ ಪುಸ್ತಕಗಳನ್ನು ಹೀಗೆಯೇ ಅಂಟಿಸಿ, ಕೈಯಿಂದ ಕೈಗೆ ದಾಟಿಸಿ ಪಾಠ ಮಾಡಿದೆವು. ಆ ಮಕ್ಕಳಲ್ಲಿ ಕೆಲವರು ಈಗ ಮೇಷ್ಟ್ರುಗಳು, ದಾದಿಯರು, ಕಾರ್ಖಾನೆಯ ತಂತ್ರಜ್ಞರು. ನನ್ನ ಪಾಲಿಗೆ ಬಳಗ ಗಳಿಸಿದ ಪ್ರಶಸ್ತಿ ಅದೇ.

ಕಾನೂನಿನ ಹೋರಾಟ ಮಕ್ಕಳಿಗೆ ಅವಕಾಶ ಕೊಡಿಸಬಲ್ಲದು. ತರಗತಿಗೆ ಮಕ್ಕಳನ್ನು ತರಬೇಕಾದವರು ನಾವೇ. ಇಂಗ್ಲಿಷ್ ಶಾಲೆಗಳ ಹಳದಿ ವ್ಯಾನು ಇಂದು ಪ್ರತಿ ಹಳ್ಳಿಗೂ ಬರುತ್ತದೆ, ಕನ್ನಡ ಶಾಲೆಗಳ ಹಾಜರಿ ಇಳಿಯುತ್ತಿದೆ. ಮಕ್ಕಳೇ ಇಲ್ಲದ ಶಾಲೆಯನ್ನು ಯಾವ ವಿಧಿಯೂ ಉಳಿಸಲಾರದು. ಆದ್ದರಿಂದ ಓದುಗರಲ್ಲಿ ನನ್ನ ಬೇಡಿಕೆ ಮೂರು. ಬರುವ ಜೂನ್‌ನಲ್ಲಿ ನಿಮ್ಮ ಮನೆಯ ಅಥವಾ ನೆರೆಮನೆಯ ಒಂದು ಮಗುವನ್ನಾದರೂ ಕನ್ನಡ ತರಗತಿಗೆ ಸೇರಿಸಿ. ಆ ಮಗುವಿಗೆ ತಮಿಳನ್ನೂ ಅಷ್ಟೇ ಚೆನ್ನಾಗಿ ಕಲಿಸಿ. ಬಾಳಬೇಕಾದ ನಾಡಿನ ನುಡಿ ಅದು. ನಿಮ್ಮೂರಿನ ಹೊಲದಲ್ಲಿ ಅಕ್ಷರವಿರುವ ಕಲ್ಲೋ ವೀರಗಲ್ಲೋ ಇದ್ದರೆ ಬಳಗಕ್ಕೆ ತಿಳಿಸಿ. ಸ್ಥಾಪಕರಿಗೆ ನಾವು ಸಲ್ಲಿಸಬಹುದಾದ ಗೌರವ ಈ ಮೂರು ಕೆಲಸಗಳಲ್ಲಿದೆ.