ಕೆರೆ ಕೊಡಗಿಯಿಂದ ರಸ್ತೆ ಗುತ್ತಿಗೆಯವರೆಗೆ

ಗೌರಿಬಿದನೂರು ತಾಲೂಕಿನ ಅಲೀಪುರದಲ್ಲಿ ಹರಳು ಉಜ್ಜುವವರನ್ನು ಕೇಳಿ ನೋಡಿ, ಹೊಳಪು ಬಾರದ ಹರಳಿಗೆ ಬೆಲೆಯಿಲ್ಲ ಎನ್ನುತ್ತಾರೆ. ನಾವು ಓಡಾಡುವ ರಸ್ತೆಗಳ ಲೆಕ್ಕ ಮಾತ್ರ ಬೇರೆ. ಎಷ್ಟು ಜಲ್ಲಿ, ಎಷ್ಟು ಡಾಂಬರು ಎಂದು ಅಳೆದು ಬಿಲ್ಲು ಪಾಸಾಗುತ್ತದೆ. ಒಂದು ಮಳೆಗಾಲಕ್ಕೆ ಗುಂಡಿ ಮರಳಿ ಬರುತ್ತದೆ; ಕೊಟ್ಟ ಹಣ ಬರುವುದಿಲ್ಲ.

ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ಕೆರೆ ಕಟ್ಟಿಸಿದವರಿಗೆ, ಅದರ ದುರಸ್ತಿ ನೋಡಿಕೊಳ್ಳುವವರಿಗೆ ಕೆರೆಯ ಕೆಳಗಿನ ಭೂಮಿಯನ್ನೇ ಕೊಡಗಿಯಾಗಿ ಬಿಟ್ಟ ಸಂಗತಿ ಕನ್ನಡ ಶಾಸನಗಳಲ್ಲಿದೆ. ಏರಿ ಒಡೆದರೆ ಅವರ ಗದ್ದೆಯೂ ಒಣಗುತ್ತಿತ್ತು. ಹೀಗಾಗಿ ಕೆರೆ ಕಾಯುವುದು ಅವರ ಅನ್ನದ ಪ್ರಶ್ನೆಯೂ ಆಗಿತ್ತು.

1990ರ ದಶಕದಲ್ಲಿ ಅರ್ಜೆಂಟೀನಾ ಇದೇ ವಿವೇಕವನ್ನು ರಸ್ತೆಗೆ ತಂದಿತು. ರಸ್ತೆ ಸುಸ್ಥಿತಿಯಲ್ಲಿದ್ದರೆ ಗುತ್ತಿಗೆದಾರನಿಗೆ ಹಣ; ಗಡುವಿನೊಳಗೆ ಗುಂಡಿ ಮುಚ್ಚದಿದ್ದರೆ ದಂಡ. ನಮ್ಮಲ್ಲಿ 2000ದ ಡಿಸೆಂಬರ್ 25ರಂದು ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯೂ ರಸ್ತೆ ಹಾಕಿದ ಗುತ್ತಿಗೆದಾರನೇ 5 ವರ್ಷ ಅದನ್ನು ನಿರ್ವಹಿಸಬೇಕೆಂಬ ಕರಾರು ಹಾಕಿತು.

ಆದರೆ ಕರಾರು ತಾನಾಗಿ ಗುಂಡಿ ಮುಚ್ಚುವುದಿಲ್ಲ. ಇಂಜಿನಿಯರು ಸ್ಥಳಕ್ಕೆ ಬಂದು ನೋಡಬೇಕು, ಊರಿನವರು ಕೇಳಬೇಕು. ಹೆರಿಗೆ ನೋವಿನ ಹೆಣ್ಣುಮಗಳನ್ನು ಆಟೋದಲ್ಲಿ ಕೂರಿಸಿಕೊಂಡು ಹೊರಟ ರಾತ್ರಿ ಕೇಳಿದರೆ ಏನು ಪ್ರಯೋಜನ? ಬಿಲ್ಲು ಪಾಸಾಗುವ ಮೊದಲೇ ನಾವು ಕೇಳಬೇಕು.