ಹೆಸರಿನ ಮೇಲಿನ ಸಾಲ



ಕೊಡಗಿನ ಬೆಟ್ಟಗಳಿಂದಿಳಿದು ಕೂಡಿಗೆಯ ಬಳಿ ಕಾವೇರಿಯನ್ನು ಸೇರುವ ಹಾರಂಗಿಯ ದಡದಲ್ಲಿ ಮಿಂಚುಳ್ಳಿಯನ್ನು ಕಾಣದವರು ವಿರಳ. ಅದೇ ಹಕ್ಕಿಯ ಇಂಗ್ಲಿಷ್ ಹೆಸರನ್ನು ಧರಿಸಿದ್ದ, ಬೆಂಗಳೂರಿನ ವಿಮಾನ ಸಂಸ್ಥೆಯೊಂದು ಕುಸಿದಾಗ ಸರ್ಕಾರವೂ ರಿಸರ್ವ್ ಬ್ಯಾಂಕೂ ಹೇಗೆ ನಡೆದುಕೊಂಡುವೆಂಬುದನ್ನು ಈ ದಿನ ವಿಚಾರಿಸಬೇಕೆಂದಿದ್ದೇವೆ.

ಕಿಂಗ್‌ಫಿಷರ್ ಏರ್‌ಲೈನ್ಸ್ 2005ರ ಮೇ ತಿಂಗಳಲ್ಲಿ ಹಾರಾಟಕ್ಕೆ ತೊಡಗಿತು. ಅದರ ಒಡೆಯರಾದ ವಿಜಯ್ ಮಲ್ಯರು 2002ರಲ್ಲಿಯೂ 2010ರಲ್ಲಿಯೂ ಕರ್ನಾಟಕದಿಂದ ರಾಜ್ಯಸಭೆಗೆ ಆರಿಸಿಬಂದವರು. ಈ ಸಂಗತಿಯನ್ನು ಮರೆತರೆ ಮುಂದಿನ ಕಥೆ ಅರ್ಥವಾಗದು. 2007ರಲ್ಲಿ ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್‌ನಲ್ಲಿ ಪಾಲು ಕೊಂಡು, ಮರುವರ್ಷ ಅದನ್ನು ಕಿಂಗ್‌ಫಿಷರಿನೊಡನೆ ಕೂಡಿಸಿದರು; ಆ ವರ್ಷವೇ ಇಂಧನದ ಬೆಲೆ ವಿಪರೀತವಾಗಿ ಏರಿತು. ಸಂಸ್ಥೆಯು ತನ್ನ ಆಯುಷ್ಯದಲ್ಲಿ ಒಂದು ವರ್ಷವಾದರೂ ಲಾಭ ಕಾಣಲಿಲ್ಲ.

2010ರ ಕೊನೆಗೆ ಸ್ಟೇಟ್ ಬ್ಯಾಂಕಿನ ಮುಂದಾಳುತನದಲ್ಲಿ ಸಾಲದಾತರೆಲ್ಲ ಕೂಡಿ ಸಾಲವನ್ನು ಪುನರ್ರಚಿಸಿದರು. ಸಾಲದ ಒಂದು ಭಾಗ ಷೇರಾಯಿತು. ಪೇಟೆಯಲ್ಲಿ ಸುಮಾರು 40 ರೂಪಾಯಿಗೆ ದೊರೆಯುತ್ತಿದ್ದ ಷೇರನ್ನು ಬ್ಯಾಂಕುಗಳು 64 ರೂಪಾಯಿಗೂ ಮೇಲ್ಪಟ್ಟ ದರದಲ್ಲಿ ಸ್ವೀಕರಿಸಿದುವು. ಆಧಾರವಾಗಿ ಮಲ್ಯರ ಸ್ವಂತ ಜಾಮೀನಿತ್ತು. ಅದರೊಡನೆ ‘ಕಿಂಗ್‌ಫಿಷರ್’ ಎಂಬ ಹೆಸರನ್ನೇ ಸಾವಿರಾರು ಕೋಟಿಗೆ ಬೆಲೆ ಕಟ್ಟಿ ಒತ್ತೆಯಿಟ್ಟುಕೊಂಡಿದ್ದರು!

ಇಲ್ಲಿ ಹಾರಂಗಿಯ ಸೀಮೆಯನ್ನು ಮತ್ತೆ ನೆನೆಯಬೇಕಾಗಿದೆ. ಕೊಡಗಿನಲ್ಲಿ ಜಮ್ಮಾ ಭೂಮಿಯ ದಾಖಲೆ ಒಕ್ಕದ ಪಟ್ಟೇದಾರನ ಹೆಸರಿನಲ್ಲಿರುತ್ತಿದ್ದುದರಿಂದ, ತಲೆಮಾರುಗಳಿಂದ ಉತ್ತುಬಿತ್ತಿದ ಕುಟುಂಬಕ್ಕೂ ಆ ನೆಲದ ಮೇಲೆ ಬ್ಯಾಂಕಿನ ಸಾಲ ಹುಟ್ಟುವುದು ಬಹುಕಾಲ ತೊಡಕಾಗಿತ್ತು. ಕಣ್ಣಿಗೆ ಕಾಣುವ ಮಣ್ಣಿಗೆ ಸಿಕ್ಕದ ಸಾಲ ಹಕ್ಕಿಯ ಹೆಸರಿಗೆ ಸಿಕ್ಕಿತು.

ರಿಸರ್ವ್ ಬ್ಯಾಂಕಿನ ಪಾತ್ರವೇನು? ಪುನರ್ರಚಿಸಿದ ಸಾಲವನ್ನು ಕೆಟ್ಟ ಸಾಲವೆಂದು ಲೆಕ್ಕಕ್ಕೆ ಬರೆಯದೆ ಇರಲು ಆಗಿನ ನಿಯಮಗಳಲ್ಲಿ ಅವಕಾಶವಿತ್ತು. ರೋಗವನ್ನು ಗುಣಪಡಿಸದೆ ರೋಗಿಯ ಹೆಸರನ್ನು ಮಾತ್ರ ಪಟ್ಟಿಯಿಂದ ತೆಗೆಯುವ ಈ ಸೌಕರ್ಯವನ್ನು ರಿಸರ್ವ್ ಬ್ಯಾಂಕು 2015ರ ಏಪ್ರಿಲ್ 1ರಿಂದ ಹಿಂತೆಗೆದುಕೊಂಡಿತು. ಅಷ್ಟರೊಳಗೆ ವಿಮಾನಗಳು ನಿಂತು ಎರಡೂವರೆ ವರ್ಷ ಸಂದಿದ್ದುವು.

ಸರ್ಕಾರದ ಸ್ಥಿತಿ ಇನ್ನೂ ಇಕ್ಕಟ್ಟಿನದು. 2011ರ ನವೆಂಬರಿನಲ್ಲಿ ಪ್ರಧಾನಿ ಮನಮೋಹನ ಸಿಂಗರು ಸಂಸ್ಥೆಯನ್ನು ಕಷ್ಟದಿಂದ ಪಾರುಮಾಡುವ ದಾರಿ ಹುಡುಕಬೇಕೆಂದರು. ಸಾರ್ವಜನಿಕರ ಹಣದಿಂದ ಧನಿಕರನ್ನು ಉಳಿಸಬೇಕೆ ಎಂಬ ಕೂಗೆದ್ದಿತು. ಬೊಕ್ಕಸದಿಂದ ಏನೂ ಬರಲಿಲ್ಲ. 2012ರಲ್ಲಿ ಸರ್ಕಾರವು ತನ್ನದೇ ಆದ ಏರ್ ಇಂಡಿಯಾಕ್ಕೆ, ಹಲವು ವರ್ಷಗಳಲ್ಲಿ ಕೊಡತಕ್ಕಂತೆ, ಸುಮಾರು 30,000 ಕೋಟಿಯನ್ನು ಒಪ್ಪಿತು. ಅದೇ ಸೆಪ್ಟೆಂಬರಿನಲ್ಲಿ ವಿದೇಶೀ ವಿಮಾನ ಸಂಸ್ಥೆಗಳು ಇಲ್ಲಿನ ಸಂಸ್ಥೆಗಳಲ್ಲಿ ಶೇಕಡ 49ರವರೆಗೆ ಪಾಲು ಕೊಳ್ಳಬಹುದೆಂದಿತು. ಕಿಂಗ್‌ಫಿಷರಿನ ಬಾಗಿಲಿಗೆ ಯಾರೂ ಬರಲಿಲ್ಲ. ತಿಂಗಳುಗಟ್ಟಲೆ ಸಂಬಳವಿಲ್ಲದ ನೌಕರರು ಕೆಲಸ ನಿಲ್ಲಿಸಿದರು. ಅಕ್ಟೋಬರ್ 20ರಂದು ಪರವಾನಗಿ ಅಮಾನತಾಯಿತು.

ನಮಗೆ ತೋರುವ ಮಟ್ಟಿಗೆ, 2012ರಲ್ಲಿ ಕೈಹಿಡಿಯದೆ ಹೋದದ್ದು ತಪ್ಪಲ್ಲ; ತಪ್ಪು 2010ರದು. ಅಂದೇ ಲೆಕ್ಕವನ್ನು ನೇರವಾಗಿ ಬರೆದಿದ್ದರೆ ಬಡ್ಡಿಯೂ ಅಷ್ಟು ಬೆಳೆಯುತ್ತಿರಲಿಲ್ಲ, ನೌಕರರೂ ಎರಡು ವರ್ಷ ಮೊದಲೇ ಬೇರೆ ದಾರಿ ನೋಡಿಕೊಳ್ಳುತ್ತಿದ್ದರು.

2016ರ ಮಾರ್ಚಿಯಲ್ಲಿ ಮಲ್ಯರು ದೇಶ ಬಿಟ್ಟರು. ಏಪ್ರಿಲಿನಲ್ಲಿ ಬ್ಯಾಂಕುಗಳು ಆ ಹೆಸರನ್ನು ಹರಾಜಿಗಿಟ್ಟುವು. ಕನಿಷ್ಠ ಬೆಲೆ 366 ಕೋಟಿ ಚಿಲ್ಲರೆ, ಒಬ್ಬರೂ ಕೂಗಲಿಲ್ಲ. 2017ರ ಜನವರಿಯಲ್ಲಿ ಬೆಂಗಳೂರಿನ ಸಾಲ ವಸೂಲಿ ನ್ಯಾಯಮಂಡಳಿಯು ಬಡ್ಡಿಯೊಡನೆ 6,203 ಕೋಟಿಯನ್ನು ವಸೂಲು ಮಾಡಲು ಅಪ್ಪಣೆಯಿತ್ತಿತು. 14,131 ಕೋಟಿ ಬ್ಯಾಂಕುಗಳಿಗೆ ಮರಳಿದೆಯೆಂದು 2024ರ ಡಿಸೆಂಬರಿನಲ್ಲಿ ಅರ್ಥಸಚಿವೆ ನಿರ್ಮಲಾ ಸೀತಾರಾಮನ್ ಲೋಕಸಭೆಗೆ ತಿಳಿಸಿದರು. ಅದರಲ್ಲಿ ದೊಡ್ಡ ಪಾಲು ಬಂದದ್ದು ಬಿಯರ್ ಕಂಪೆನಿಯ ಷೇರುಗಳನ್ನು 2021ರಲ್ಲಿ ಮಾರಿದ್ದರಿಂದ.